ಅಣ್ಣನ ಮೆಲನೋಮಾಕ್ಕೆ ಪ್ರಯೋಗದ ಚಿಕಿತ್ಸೆ: ಕಂಡವರು ತಿಳಿಸುವಿರಾ?

ಸಿಡ್ನಿಯಲ್ಲಿರುವ ನನ್ನ ಅಣ್ಣನ ಅಂಗಾಲಿನ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಶ್ವಾಸಕೋಶಕ್ಕೆ ಹರಡಿದೆ. ಗಡ್ಡೆಯ ತುಣುಕನ್ನು ಪರೀಕ್ಷಿಸಿ, ಅದಕ್ಕೆ ಹೊಂದುವ ಇಮ್ಯುನೊಥೆರಪಿ (ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಕೆರಳಿಸುವ) ಔಷಧಿಗಳ ಜೋಡಿಯನ್ನು ಆರಿಸುವ ಪ್ರಯೋಗಕ್ಕೆ ಸೇರಬಹುದು ಎಂದಿದ್ದಾರೆ ವೈದ್ಯರು. ಅತ್ತಿಗೆ ಹೆದರಿದ್ದಾರೆ. ಅನುಭವವಿದ್ದವರು ದಯವಿಟ್ಟು ಹೇಳಿ.

ಉತ್ತರ, ಪರ್ತ್‌ನಿಂದ:
ನಮ್ಮ ಯಜಮಾನರಿಗೆ ಇಪಿಲಿಮುಮಾಬ್, ನಿವೋಲುಮಾಬ್ ಎಂಬ ಎರಡು ಇಮ್ಯುನೊಥೆರಪಿ ಔಷಧಿಗಳನ್ನು ಒಟ್ಟಿಗೆ ಕೊಟ್ಟರು. ಗಡ್ಡೆಗಳು ಕುಗ್ಗಿದವು. ಆದರೆ ಕೆರಳಿದ ರೋಗನಿರೋಧಕ ಶಕ್ತಿ ಕರುಳಿನ ಮೇಲೂ, ಹಾರ್ಮೋನುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಯ ಮೇಲೂ ಎರಗಿತು. ಭೇದಿ ಶುರುವಾದ ದಿನವೇ ಆಸ್ಪತ್ರೆಗೆ ಫೋನ್ ಮಾಡಿದ್ದರಿಂದ ಸ್ಟೀರಾಯ್ಡ್‌ನಲ್ಲಿ ಹತೋಟಿಗೆ ಬಂತು. ಪಿಟ್ಯುಟರಿ ಗ್ರಂಥಿ ಮಾತ್ರ ಚೇತರಿಸಿಕೊಳ್ಳಲಿಲ್ಲ. ಆ ಹಾರ್ಮೋನಿನ ಕೊರತೆ ತುಂಬಲು ಈಗಲೂ ದಿನವೂ ಹೈಡ್ರೊಕಾರ್ಟಿಸೋನ್ ಮಾತ್ರೆ ನುಂಗುತ್ತಾರೆ. ಈ ಜೋಡಿಯ ದೊಡ್ಡ ಪರೀಕ್ಷೆಯಲ್ಲಿ 10 ವರ್ಷಗಳ ಬಳಿಕ ನೂರಕ್ಕೆ 43 ಮಂದಿ ಬದುಕಿದ್ದರು. ತೀವ್ರ ಅಡ್ಡಪರಿಣಾಮ ಕಂಡವರು ನೂರಕ್ಕೆ 59. ಅತ್ತಿಗೆಗೆ ಎರಡೂ ಅಂಕಿಗಳನ್ನು ತಿಳಿಸಿ. ರಾತ್ರಿ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಲಿ.

ಉತ್ತರ, ಕ್ಯಾನ್ಸರ್ ವಿಭಾಗದಲ್ಲಿ ನರ್ಸ್ ಆಗಿರುವವರಿಂದ:
ಮೇಲಿನ ಅಕ್ಕ ಕೊಟ್ಟ ಅಂಕಿಗಳು ಬಹುಮಟ್ಟಿಗೆ ಬಿಸಿಲಿನಿಂದ ಬರುವ ಮೆಲನೋಮಾದವು. ನಮ್ಮಂಥ ಮೈಬಣ್ಣದವರಲ್ಲಿ ಮೆಲನೋಮಾ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಕೆಳಗೆ ಬರುತ್ತದೆ. ಈ ಬಗೆಯ ಗಡ್ಡೆಯಲ್ಲಿ ಜೀನ್ ಬದಲಾವಣೆಗಳು ಕಡಿಮೆ. ಹಾಗಾಗಿ ರೋಗನಿರೋಧಕ ಕಣಗಳಿಗೆ ಅದನ್ನು ಗುರುತು ಹಿಡಿಯುವುದು ಕಷ್ಟ, ಔಷಧಿ ಫಲಿಸುವ ಸಾಧ್ಯತೆಯೂ ಕಡಿಮೆ. ಆದ್ದರಿಂದಲೇ ಗಡ್ಡೆಯನ್ನು ನೋಡಿ ಔಷಧಿ ಆರಿಸುವ ಪ್ರಯತ್ನ ನಿಮ್ಮ ಅಣ್ಣನಂಥವರಿಗೆ ಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಗಡ್ಡೆಯಲ್ಲಿ ಪಿಡಿ-ಎಲ್1 (ಇಂಥ ಔಷಧಿ ಆರಿಸುವಾಗ ನೋಡುವ ಒಂದು ಪ್ರೋಟೀನ್) ಕಡಿಮೆ ಇದ್ದವರಿಗೂ ಔಷಧಿ ಫಲಿಸುವುದುಂಟು. ಒಂದೇ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಹಾಗಾಗಿ ವೈದ್ಯರನ್ನು ಕೇಳಿ: ಯಾವ ಗುರುತನ್ನು ನೋಡಿ ಜೋಡಿ ಆರಿಸುತ್ತೀರಿ? ಮತ್ತೆ ಬಯಾಪ್ಸಿ (ಗಡ್ಡೆಯ ತುಣುಕು ತೆಗೆಯುವುದು) ಬೇಕೇ? ಫಲಿತಾಂಶ ಬರುವವರೆಗೆ ಚಿಕಿತ್ಸೆ ನಿಲ್ಲುತ್ತದೆಯೇ? ಯಾರು ಯಾವ ಚಿಕಿತ್ಸೆಯ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತೀರಾ? ಸೇರದಿದ್ದರೆ ಯಾವ ಔಷಧಿ ಕೊಡುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಲೇಬೇಡಿ. ಬಿ-ರಾಫ್ ಎಂಬ ಜೀನ್ ಬದಲಾಗಿದೆಯೇ ಎಂದು ನೋಡುವ ಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸಿ. ಆ ಬದಲಾವಣೆ ಇದ್ದರೆ ಮಾತ್ರೆಗಳ ದಾರಿಯೂ ಇರುತ್ತದೆ.

ಉತ್ತರ, ಮೈಸೂರಿನಿಂದ:
ಸೇರಿದ ಮೇಲೂ ಬೇಡವೆನಿಸಿದರೆ ಹೊರಬರುವ ಹಕ್ಕು ಅಣ್ಣನಿಗಿದೆ. ಇನ್ನೊಂದು ಮಾತು: ಊರಿನಿಂದ ಪ್ರೀತಿಯಿಂದ ಕಳಿಸುವ ಕಷಾಯ, ಪುಡಿಗಳನ್ನು ವೈದ್ಯರಿಗೆ ತೋರಿಸದೆ ಕೊಡಬೇಡಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಇಮ್ಯುನೊಥೆರಪಿಯಿಂದಲೂ ಯಕೃತ್ತು ಊದಿಕೊಳ್ಳಬಹುದು. ಕಾರಣ ಯಾವುದೆಂದು ತಿಳಿಯದೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಿ ಬಂದೀತು.