ಆರ್‌ಎಕ್ಸ್-7ಗೆ ಯಾವ ಇಗ್ನಿಷನ್ ಹಾಕಲಿ? 5,000 ದಾಟಿದರೆ ಕಾರು ಜಗ್ಗುತ್ತಿದೆ

ಮೆಲ್ಬರ್ನ್_ಮಲೆನಾಡಿಗ | ಶನಿವಾರ, ರಾತ್ರಿ 11:52

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಈ ಮಾಜ್ದಾ ಕಾರಿನ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ರೋಟರಿ ಇಂಜಿನ್) ಹಿಂದೆ ಬಿದ್ದು ತಲೆ ಕೆಟ್ಟುಹೋಗಿದೆ. 5,000 ಆರ್‌ಪಿಎಂ ದಾಟುತ್ತಿದ್ದಂತೆ ಯಾರೋ ಹಿಂದಿನಿಂದ ಬಂಪರ್ ಹಿಡಿದು ಎಳೆದ ಹಾಗೆ ಜಗ್ಗುತ್ತದೆ. ಕಾಲು ಸಡಿಲಿಸಿ ಮತ್ತೆ ಒತ್ತಿದರೆ ಏನೂ ಆಗದವರಂತೆ ಓಡುತ್ತದೆ, ಮತ್ತೆ ಅದೇ ಜಾಗದಲ್ಲಿ ಜಗ್ಗು. ನಿನ್ನೆ ನನ್ನ ಹೆಂಡತಿಯ ಕೈಯಲ್ಲಿದ್ದ ಕಾಫಿ ಪೂರ್ತಿ ಡ್ಯಾಶ್‌ಬೋರ್ಡಿನ ಮೇಲೆ ಚೆಲ್ಲಿತು. ಇನ್ನು ಆ ಕಾರಿಗೆ ಹತ್ತುವುದಿಲ್ಲ ಎಂದಿದ್ದಾಳೆ.

ಪ್ಲಗ್ ಹೊಸದು, ಪ್ಲಗ್ ವೈರ್ ಹೊಸದು, ಪೆಟ್ರೋಲ್ ಫಿಲ್ಟರ್ ಹೊಸದು. ಉಳಿದಿರುವುದು ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಒಂದೇ. ಅವನ್ನು ಕಿತ್ತು ಹೊರಗಿನ ಇಗ್ನಿಷನ್ ಹಾಕಿಸಬೇಕೆಂದಿದ್ದೇನೆ. ಸಿಡಿಐ ಪೆಟ್ಟಿಗೆ ಒಳ್ಳೆಯದೋ, ನಾಲ್ಕು ಪ್ಲಗ್‌ಗೆ ನಾಲ್ಕು ಕಾಯಿಲ್ ಒಳ್ಳೆಯದೋ? ರಿಯಾಯಿತಿ ಸೋಮವಾರಕ್ಕೆ ಮುಗಿಯುತ್ತದೆ, ಬೇಗ ಹೇಳಿ. ದಯವಿಟ್ಟು "ಮೊದಲು ಪ್ಲಗ್ ನೋಡಿ" ಎನ್ನಬೇಡಿ. ನೋಡಿದ್ದೇನೆ.

ಏಪೆಕ್ಸ್_ಅಕ್ಕ | ಭಾನುವಾರ, ಬೆಳಿಗ್ಗೆ 7:10

ಯಾವ ವರ್ಷದ ಕಾರು? ಟರ್ಬೊ ಇದೆಯೋ ಇಲ್ಲವೋ? ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಂಪನಿಯದೋ ಬೇರೆಯದೋ? ಇತ್ತೀಚೆಗೆ ಕಾರಿಗೆ ಏನೇನು ಮಾಡಿಸಿದ್ದೀರಿ? ಇಷ್ಟನ್ನು ಬರೆಯದೆ ಯಾವ ಇಗ್ನಿಷನ್ ಎಂದು ಕೇಳುವುದು, ಹುಟ್ಟಿದ ದಿನ ಹೇಳದೆ ಜಾತಕ ಬರೆದುಕೊಡಿ ಎಂದಂತೆ.

ಮೆಲ್ಬರ್ನ್_ಮಲೆನಾಡಿಗ | ಬೆಳಿಗ್ಗೆ 8:35

1988ರ ಎಫ್‌ಸಿ (ಎರಡನೇ ತಲೆಮಾರಿನ ಆರ್‌ಎಕ್ಸ್-7), ಟರ್ಬೊ. ಇಸಿಯು ಕಂಪನಿಯದೇ. ಇಗ್ನಿಷನ್‌ಗೆ ಸಂಬಂಧಪಟ್ಟದ್ದು ಏನನ್ನೂ ಮುಟ್ಟಿಲ್ಲ.

ಡ್ವೆಲ್_ಮೇಷ್ಟ್ರು | ಬೆಳಿಗ್ಗೆ 9:20

ಇಷ್ಟು ಸಾಕು, ರೋಗ ತಿಳಿಯಿತು. ರೋಟರಿಗೆ ಎರಡು ಪ್ಲಗ್, ಮೊದಲು ಕಿಡಿ ಕೊಡುವುದು ಲೀಡಿಂಗ್, ಆಮೇಲಿನದು ಟ್ರೇಲಿಂಗ್. ನಿಮ್ಮ ಲೀಡಿಂಗ್ ಕಾಯಿಲ್ ಸುಸ್ತಾಗಿದೆ.

ಲೆಕ್ಕ ನೋಡಿ. ಸಾಮಾನ್ಯ ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಕಿಡಿ ಬೇಕಾಗುವುದು ಎರಡು ಸುತ್ತಿಗೊಮ್ಮೆ. ನಮ್ಮಲ್ಲಿ ಹಾಗಲ್ಲ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ. ರೋಟರಿಗೆ ಮುಖಗಳೂ ಮೂರು. ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರಿಗೆ ಒಂದು ಕಿಡಿ. ಸಾಲದ್ದಕ್ಕೆ ಎಫ್‌ಸಿಯಲ್ಲಿ ಎರಡು ಲೀಡಿಂಗ್ ಪ್ಲಗ್‌ಗಳಿಗೂ ಒಂದೇ ಕಾಯಿಲ್. ಅದು ಎರಡಕ್ಕೂ ಒಟ್ಟಿಗೇ ಕಿಡಿ ಕೊಡುತ್ತದೆ, ಒಂದು ಕೆಲಸಕ್ಕೆ, ಇನ್ನೊಂದು ದಂಡಕ್ಕೆ. 7,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸಿಗುವುದು 8.6 ಮಿಲಿಸೆಕೆಂಡ್. ಅದರಲ್ಲಿ ಎರಡು ಸಲ ಕಿಡಿ ಬೇಕು. ಪ್ರತಿ ಕಿಡಿಗೆ 4.3 ಉಳಿಯಿತು. ಅಷ್ಟರಲ್ಲೇ ಕಾಯಿಲ್ ತುಂಬಬೇಕು, ಅಷ್ಟರಲ್ಲೇ ಖಾಲಿಯಾಗಬೇಕು. ಅದೇ ವೇಗದಲ್ಲಿ ಪ್ಲಗ್‌ಗೊಂದು ಕಾಯಿಲ್ ಇರುವ ಮಾಮೂಲಿ ಕಾರಿನ ಕಾಯಿಲ್‌ಗೆ 17 ಮಿಲಿಸೆಕೆಂಡ್ ಬಿಡುವು ಇರುತ್ತದೆ, ಅದು ಮಧ್ಯೆ ಒಂದು ನಿದ್ದೆ ತೆಗೆಯಬಹುದು.

ನಾಲ್ಕು ಕಾಯಿಲ್ ಹಾಕಿ, ಒಂದೊಂದಕ್ಕೂ ಪೂರ್ತಿ 8.6 ಸಿಗುತ್ತದೆ. ಅಲ್ಲಿಗೆ ಮುಗಿಯಿತು.

ಸಿಡಿಐ_ಸಿದ್ಧ | ಬೆಳಿಗ್ಗೆ 10:02

ಮೇಷ್ಟ್ರೇ, ನಿಮ್ಮ ಲೆಕ್ಕವೇ ನನ್ನ ಪಕ್ಷ ಹಿಡಿಯುತ್ತದೆ. ಕಾಯಿಲ್ ತುಂಬಲು ಸಮಯವಿಲ್ಲ ಎಂದಾದರೆ ಸಮಯವೇ ಬೇಡದ ವ್ಯವಸ್ಥೆ ಹಾಕಿ. ಸಿಡಿಐಯಲ್ಲಿ ಶಕ್ತಿ ಕೆಪಾಸಿಟರ್‌ನಲ್ಲಿ ಕೂಡಿರುತ್ತದೆ, ಕಾಯಿಲ್ ಬರೀ ದಾರಿ. ವೋಲ್ಟೇಜ್ ಥಟ್ಟನೆ ಏರುತ್ತದೆ. ರೋಟರಿ ಸ್ವಭಾವತಃ ಎಣ್ಣೆ ಕುಡಿಯುವ ಇಂಜಿನ್, ಪ್ಲಗ್ ಮೇಲೆ ಮಸಿ ಕೂರುತ್ತದೆ. ಮಸಿ ಹಿಡಿದ ಪ್ಲಗ್ಗನ್ನೂ ಹಾರಿಸುವುದು ಸಿಡಿಐ ಒಂದೇ. ನನ್ನ ಮೊದಲ ತಲೆಮಾರಿನ ಆರ್‌ಎಕ್ಸ್-7ರಲ್ಲಿ 12ಎ ಇಂಜಿನ್, ಎಫ್‌ಸಿಯ ಲೀಡಿಂಗ್ ಕಾಯಿಲ್ ಕಸಿ ಮಾಡಿ ಎಮ್‌ಎಸ್‌ಡಿ 6ಎಎಲ್ ಎಂಬ, ಒಂದರ ಬದಲು ಹಲವು ಕಿಡಿ ಕೊಡುವ ಸಿಡಿಐ ಪೆಟ್ಟಿಗೆ ಹಾಕಿದ್ದೇನೆ. ಚಳಿಯಲ್ಲಿ ಅರ್ಧ ಸುತ್ತಿಗೆ ಎದ್ದು ಕೂರುತ್ತದೆ.

ಡ್ವೆಲ್_ಮೇಷ್ಟ್ರು | ಬೆಳಿಗ್ಗೆ 10:15

ಅದು ಹಲವು ಕಿಡಿ ಕೊಡುವುದು 3,000ದ ಕೆಳಗೆ ಮಾತ್ರ. ಮೇಲೆ ಹೋದರೆ ಒಂದೇ ಕಿಡಿ, ಅದೂ ಕಣ್ಣು ಮಿಟುಕಿಸುವಷ್ಟೂ ನಿಲ್ಲದು. ಇವರ ತೊಂದರೆ ಇರುವುದು 5,000ದಲ್ಲಿ. ಚಳಿಯಲ್ಲಿ ಏಳುವ ಮಾತು ಇಲ್ಲಿ ಯಾರು ಕೇಳಿದರು?

ಯೆಜ್ಡಿ_ಹೊಗೆ | ಬೆಳಿಗ್ಗೆ 10:40

ಮೈಸೂರಿನಿಂದ ನಮಸ್ಕಾರ. 1.3 ಲೀಟರ್ ಕಾರಿಗೆ ನಾಲ್ಕು ಪ್ಲಗ್, ನಾಲ್ಕು ಕಾಯಿಲ್! ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಒಂದು ಪ್ಲಗ್, ಒಂದು ಕಾಯಿಲ್, ಒಂದು ಸಿ.ಬಿ. ಪಾಯಿಂಟ್. ಮಳೆಯಲ್ಲಿ ನಿಂತರೆ ಪಾಯಿಂಟಿಗೆ ಉಪ್ಪುಕಾಗದ ಉಜ್ಜಿದರೆ ಮುಗಿಯಿತು. ಅಂದಹಾಗೆ ನೀವೂ ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸುತ್ತೀರಂತೆ, ಹೌದೇ? ಹಾಗಾದರೆ ನಾವು ನೆಂಟರು.

ಸಿಡಿಐ_ಸಿದ್ಧ | ಬೆಳಿಗ್ಗೆ 10:51

ಬೆರೆಸುತ್ತೇವೆ. ಆದರೆ ಇದನ್ನು 1.3 ಎನ್ನಬೇಡಿ. 654 ಸಿಸಿಯ ಎರಡು ಕೋಣೆಗಳನ್ನಷ್ಟೇ ಕಂಪನಿ ಎಣಿಸಿದೆ. ನಾಲ್ಕು ಸ್ಟ್ರೋಕಿನ ಹಾಗೆ ಎರಡು ಸುತ್ತಿಗೆ ಲೆಕ್ಕ ಹಾಕಿದರೆ 2.6.

ಡ್ವೆಲ್_ಮೇಷ್ಟ್ರು | ಬೆಳಿಗ್ಗೆ 10:58

1308 ಸಿಸಿ. ಪುಸ್ತಕದಲ್ಲಿ ಹಾಗೇ ಇದೆ.

ಸಿಡಿಐ_ಸಿದ್ಧ | ಬೆಳಿಗ್ಗೆ 11:03

ಪುಸ್ತಕ ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಡುವುದಿಲ್ಲ. ಒಂದು ಸಲ ಟ್ಯಾಂಕ್ ತುಂಬಿಸಿ, ಎಷ್ಟು ಲೀಟರಿನ ಇಂಜಿನ್ ಎಂದು ನಿಮಗೇ ತಿಳಿಯುತ್ತದೆ. ಇನ್ನು ಪ್ಲಗ್ ಸಂಖ್ಯೆಯ ಮಾತು. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಾಜ್ದಾ 787ಬಿಯ ಇಂಜಿನ್ನಿನಲ್ಲಿ ರೋಟರಿಗೆ ಮೂರು ಪ್ಲಗ್ ಇದ್ದವು, ರೋಟರ್ ನಾಲ್ಕು. ಹನ್ನೆರಡಾಯಿತು. ಯೆಜ್ಡಿಯವರು ಕುಳಿತುಕೊಂಡು ಎಣಿಸಲಿ.

ನಿರ್ವಾಹಕ | ಬೆಳಿಗ್ಗೆ 11:30

ಸಿಸಿ ಜಗಳಕ್ಕೆ ಬೇರೆ ಎಳೆ ಇದೆ, 40 ಪುಟ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಒಬ್ಬರ ಕಾರು ಓಡುತ್ತಿಲ್ಲ.

ಮೆಲ್ಬರ್ನ್_ಮಲೆನಾಡಿಗ | ಮಧ್ಯಾಹ್ನ 3:15

ನಾಲ್ಕು ಕಾಯಿಲ್ ಆರ್ಡರ್ ಮಾಡಿಬಿಟ್ಟೆ. ಮೇಷ್ಟ್ರ ಲೆಕ್ಕ ಮನಸ್ಸಿಗೆ ಹಿಡಿಸಿತು.

ಕಾಯುವ ಹೊತ್ತಿಗೆ ಒಂದು ಪರೀಕ್ಷೆ ಮಾಡೋಣವೆಂದು ಟ್ರೇಲಿಂಗ್ ಕಾಯಿಲ್‌ನ ಕನೆಕ್ಟರ್ ಕಿತ್ತೆ. ಇಂಜಿನ್ ನಿಂತ ಜಾಗದಲ್ಲಿ ಚೆನ್ನಾಗಿಯೇ ಓಡುತ್ತಿದೆ, ಆದರೆ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದಿದೆ! ಏನಾದರೂ ಸುಟ್ಟುಕೊಂಡೆನೇ?

ಏಪೆಕ್ಸ್_ಅಕ್ಕ | ಸಂಜೆ 5:40

ಏನೂ ಸುಟ್ಟಿಲ್ಲ. ಎಫ್‌ಸಿಯಲ್ಲಿ ಆರ್‌ಪಿಎಂ ಮೀಟರಿಗೆ ಸಂಕೇತ ಹೋಗುವುದೇ ಟ್ರೇಲಿಂಗ್ ಕಾಯಿಲ್‌ನಿಂದ. ಕನೆಕ್ಟರ್ ಮತ್ತೆ ಹಾಕಿ, ಮುಳ್ಳು ಏಳುತ್ತದೆ. ಟ್ರೇಲಿಂಗ್ ವೈರ್‌ಗಳನ್ನು ಅದಲುಬದಲು ಮಾಡಬೇಡಿ. ಲೀಡಿಂಗ್ ವೈರ್ ಅದಲುಬದಲಾದರೂ ನಡೆಯುತ್ತದೆ, ಎರಡೂ ಒಟ್ಟಿಗೇ ಹಾರುತ್ತವೆ. ಟ್ರೇಲಿಂಗ್‌ನಲ್ಲಿ ಹಾಗಿಲ್ಲ.

ಆರ್ಡರ್ ಮಾಡುವ ಮೊದಲು ಒಂದು ಮಾತು ಕೇಳಬಾರದಿತ್ತೇ? ಕಂಪನಿಯ ಇಸಿಯು ಟ್ರೇಲಿಂಗ್‌ಗೆ ಒಂದೇ ಕಿಡಿ ಸಂಕೇತ ಕೊಡುತ್ತದೆ, ಜೊತೆಗೆ ಯಾವ ರೋಟರಿಗೆ ಎಂದು ಹೇಳುವ ಇನ್ನೊಂದು ತಂತಿ ಇರುತ್ತದೆ. ಎರಡನ್ನೂ ಓದಿ ಹಂಚುವುದು ಹಳೆಯ ಟ್ರೇಲಿಂಗ್ ಕಾಯಿಲ್‌ನ ಇಗ್ನೈಟರ್. ಅದನ್ನು ಕಿತ್ತು ಎರಡು ಬಿಡಿ ಕಾಯಿಲ್ ಇಟ್ಟರೆ ಯಾವುದು ಯಾರಿಗೆ ಎಂದು ಹೇಳುವವರೇ ಇರುವುದಿಲ್ಲ. ನಾಲ್ಕು ಕಾಯಿಲ್ ಬೇಕಿದ್ದರೆ ಬೇರೆ ಇಸಿಯು ಬೇಕು, ಟ್ಯೂನಿಂಗ್ ಬೇಕು. ಕಂಪನಿಯ ಇಸಿಯುವನ್ನೇ ಉಳಿಸಿಕೊಳ್ಳುವವರು ಲೀಡಿಂಗ್‌ಗೆ ಮಾತ್ರ ಒಂದು ಸಿಡಿಐ ಹಾಕಿ ಟ್ರೇಲಿಂಗನ್ನು ಇದ್ದ ಹಾಗೆ ಬಿಡುತ್ತಾರೆ. ಕೆಲಸದ ಮುಕ್ಕಾಲು ಪಾಲು ಲೀಡಿಂಗ್‌ನದೇ. ಸಿದ್ಧ ಅವರು ಆ ಮಟ್ಟಿಗೆ ಸರಿ.

ಈಗ ಉತ್ತರ ಕೊಡಿ. ಎರಡನೇ ಗೇರಿನಲ್ಲೂ ಜಗ್ಗುತ್ತದೆಯೇ? ಹಗಲಿಗಿಂತ ರಾತ್ರಿ ಹೆಚ್ಚೇ? ಪಟಪಟ ಎಂದು ತೊದಲುತ್ತದೆಯೋ, ಗೋಡೆಗೆ ಗುದ್ದಿದಂತೆ ಒಮ್ಮೆಗೇ ನಿಲ್ಲುತ್ತದೆಯೋ?

ಮೆಲ್ಬರ್ನ್_ಮಲೆನಾಡಿಗ | ಸಂಜೆ 6:05

ಎರಡನೇ ಗೇರಿನಲ್ಲಿ ಇಲ್ಲ. ಮೂರು, ನಾಲ್ಕರಲ್ಲಿ ಗ್ಯಾರಂಟಿ. ರಾತ್ರಿ ಚಳಿಯಿದ್ದಾಗ 4,500ಕ್ಕೇ ಬರುತ್ತದೆ. ತೊದಲುವುದಿಲ್ಲ, ಗೋಡೆಯೇ. ನ್ಯೂಟ್ರಲ್‌ನಲ್ಲಿ 7,000ದವರೆಗೂ ಬೆಣ್ಣೆ.

ಡ್ವೆಲ್_ಮೇಷ್ಟ್ರು | ಸಂಜೆ 6:20

ನಾನು ಹೇಳಿದ್ದೇ ಇದು. ಕೋಣೆಯೊಳಗೆ ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ನ್ಯೂಟ್ರಲ್‌ನಲ್ಲಿ ಒತ್ತಡವಿಲ್ಲ, ಹಾಗಾಗಿ ಬೆಣ್ಣೆ. ಮೂರನೇ ಗೇರಿನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಪೂರ್ತಿ, ಕಾಯಿಲ್ ಕೈಚೆಲ್ಲುತ್ತದೆ.

ಏಪೆಕ್ಸ್_ಅಕ್ಕ | ಸಂಜೆ 6:32

ಕಾಯಿಲ್ ಕೈಚೆಲ್ಲಿದರೆ ತೊದಲುತ್ತದೆ, ಒಂದು ಕಿಡಿ ತಪ್ಪುತ್ತದೆ, ಒಂದು ಹಾರುತ್ತದೆ. ಹೀಗೆ ಬಾಗಿಲು ಹಾಕಿದಂತೆ ನಿಲ್ಲುವುದಿಲ್ಲ. ಮಲೆನಾಡಿಗರೇ, ಎರಡನೆಯ ಸಲ ಕೇಳುತ್ತಿದ್ದೇನೆ. ಇಗ್ನಿಷನ್ ಬಿಡಿ, ಬೇರೆ ಏನು ಬದಲಿಸಿದ್ದೀರಿ?

ಮೆಲ್ಬರ್ನ್_ಮಲೆನಾಡಿಗ | ಸಂಜೆ 6:50

ಸೈಲೆನ್ಸರ್ ಮಾತ್ರ. ತಿಂಗಳ ಹಿಂದೆ ಟರ್ಬೊದಿಂದ ಹಿಂದಿನ ತುದಿಯವರೆಗೆ ಮೂರು ಇಂಚಿನ ಪೈಪ್ ಹಾಕಿಸಿದೆ. ಅದಕ್ಕೂ ಕಿಡಿಗೂ ಏನು ಸಂಬಂಧ ಎಂದು ಬರೆಯಲಿಲ್ಲ.

ಏಪೆಕ್ಸ್_ಅಕ್ಕ | ಸಂಜೆ 7:15

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಕಂಪನಿಯ ಪೈಪು ಇಕ್ಕಟ್ಟು. ಆ ಇಕ್ಕಟ್ಟನ್ನು ನಂಬಿಕೊಂಡೇ ನಿಮ್ಮ ಟರ್ಬೊದ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ಬಾಗಿಲು) ರಂಧ್ರವನ್ನು ಚಿಕ್ಕದಾಗಿ ಮಾಡಿದ್ದಾರೆ. ಮುಂದಿನ ದಾರಿ ಅಗಲವಾದಾಗ ಹೊಗೆಯೆಲ್ಲ ಟರ್ಬೈನಿನ ಮೂಲಕವೇ ನುಗ್ಗುತ್ತದೆ, ವೇಸ್ಟ್‌ಗೇಟ್ ಪೂರ್ತಿ ತೆರೆದರೂ ಹೊರಬಿಡಲು ಸಾಲುವುದಿಲ್ಲ. ಆರ್‌ಪಿಎಂ ಏರಿದಷ್ಟೂ ಬೂಸ್ಟ್ ತಾನಾಗಿ ಏರುತ್ತದೆ. ಎರಡನೇ ಗೇರಿನಲ್ಲಿ ಅಷ್ಟು ಏರಲು ಪುರುಸೊತ್ತಿರುವುದಿಲ್ಲ. ಚಳಿಯಲ್ಲಿ ಗಾಳಿ ದಟ್ಟ, ಬೇಗ ಏರುತ್ತದೆ. ನಿಮ್ಮ ಸರಣಿಯ ಕಾರಿನಲ್ಲಿ ಸುಮಾರು 8.6 ಪಿಎಸ್‌ಐ ದಾಟಿದರೆ ಇಸಿಯು ಪೆಟ್ರೋಲನ್ನೇ ಕಡಿದುಬಿಡುತ್ತದೆ. ಅದೇ ನಿಮ್ಮ ಗೋಡೆ. ಅದು ಕೆಟ್ಟಿಲ್ಲ, ಇಂಜಿನ್ ಉಳಿಸುತ್ತಿದೆ.

ಬೂಸ್ಟ್ ಗೇಜ್ ಒಂದನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಪೈಪಿಗೆ ಟಿ ಹಾಕಿ ಕೂಡಿಸಿ. ಅಲ್ಲಿಯವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ.

ಟರ್ಬೊ_ತಮ್ಮ | ರಾತ್ರಿ 8:01

ಅಕ್ಕ, ಇದಕ್ಕೆ ಸುಲಭದ ದಾರಿ ಇದೆಯಲ್ಲ? ಒತ್ತಡದ ಸೆನ್ಸರ್ ತಂತಿಯ ಮಧ್ಯೆ ಒಂದು ಚಿಕ್ಕ ಸರ್ಕ್ಯೂಟ್ ಇಟ್ಟರೆ ಇಸಿಯುಗೆ 8.6 ಕಾಣಿಸುವುದೇ ಇಲ್ಲ.

ಏಪೆಕ್ಸ್_ಅಕ್ಕ | ರಾತ್ರಿ 8:09

ಕಾಣಿಸುವುದಿಲ್ಲ, ಹಾಗಾಗಿ ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲನ್ನೂ ಅದು ಕೊಡುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕುಟ್ಟುತ್ತದೆ, ರೋಟರಿನ ಮೂಲೆಯ ಏಪೆಕ್ಸ್ ಸೀಲ್ ಮುರಿಯುತ್ತದೆ, ಮುರಿದ ಚೂರು ಹೌಸಿಂಗನ್ನು ಗೀರಿಕೊಂಡು ಟರ್ಬೊಗೆ ಹೋಗುತ್ತದೆ. ನನ್ನ ಮೊದಲ ಇಂಜಿನ್ ಹೋದದ್ದೇ ಹೀಗೆ. ಆ ಸೀಲಿನ ಚೂರು ಈಗಲೂ ನನ್ನ ಕೀ ಗೊಂಚಲಿನಲ್ಲಿದೆ, ಬೆರಳಿಗೆ ಚುಚ್ಚುತ್ತಿರುತ್ತದೆ.

ಯೆಜ್ಡಿ_ಹೊಗೆ | ರಾತ್ರಿ 9:30

ಎಲ್ಲ ಓದಿದೆ. ನನ್ನ ಗಾಡಿಯಲ್ಲೂ ಎರಡು ಸೈಲೆನ್ಸರ್ ಇವೆ, ಬಿಚ್ಚಿ ಕರಿ ತೆಗೆದರೆ ಓಟ ಹೆಚ್ಚುತ್ತದೆ, ನಿಲ್ಲುವುದಿಲ್ಲ. ಫೋಟೊ ಹಾಕಲೇ?

ನಿರ್ವಾಹಕ | ರಾತ್ರಿ 9:34

ಬೇಡ.

ಮೆಲ್ಬರ್ನ್_ಮಲೆನಾಡಿಗ | ಮುಂದಿನ ಶನಿವಾರ, ರಾತ್ರಿ 10:20

ಗೇಜ್ ಹಾಕಿದೆ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ನಿಧಾನವಾಗಿ ಏರಿಸಿದೆ, ಗೆಳೆಯ ಪಕ್ಕದಲ್ಲಿ ಕುಳಿತು ಮುಳ್ಳನ್ನು ಓದುತ್ತಿದ್ದ. ಆರು, ಏಳು, ಏಳೂವರೆ, ಎಂಟು. ಎಂಟೂವರೆ ಎನ್ನುವಷ್ಟರಲ್ಲಿ ಗೋಡೆ. ಮೂರು ಸಲವೂ ಅಲ್ಲೇ. ಅರ್ಧ ಒತ್ತಿ ಏಳರ ಕೆಳಗೆ ಇಟ್ಟುಕೊಂಡರೆ 6,500ದವರೆಗೆ ಒಂದು ಸಣ್ಣ ತೊದಲೂ ಇಲ್ಲ.

ಟರ್ಬೊ ಬಿಚ್ಚಿ ವೇಸ್ಟ್‌ಗೇಟ್ ರಂಧ್ರ ಅಗಲಿಸಲು ಒಬ್ಬರಲ್ಲಿ ಮಾತಾಡಿದ್ದೇನೆ, ಎರಡು ವಾರದ ನಂತರ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಹಳೆಯ ಪೈಪನ್ನೇ ಮತ್ತೆ ಹಾಕಲೇ? ಅದನ್ನು ಗುಜರಿಗೆ ಕೊಟ್ಟಿಲ್ಲ, ಅದೃಷ್ಟ. ಅಕ್ಕ, ಧನ್ಯವಾದ. ಮೊದಲೇ ಬರೆಯಬೇಕಿತ್ತು.

ನಾಲ್ಕು ಕಾಯಿಲ್‌ಗಳ ಪೆಟ್ಟಿಗೆ ಒಡೆದಿಲ್ಲ, ರಿಯಾಯಿತಿಯ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಕೊಂಡ ಬೆಲೆಗೇ ಕೊಡುತ್ತೇನೆ. ಮೆಲ್ಬರ್ನ್‌ನಲ್ಲಿರುವವರು ಬಂದು ಒಯ್ಯಬಹುದು.

ಏಪೆಕ್ಸ್_ಅಕ್ಕ | ರಾತ್ರಿ 10:45

ಹಳೆಯ ಪೈಪ್ ಹಾಕಿ. ಪ್ಲಗ್ ಯಾವ ಶಾಖದ ನಂಬರಿನವು? ಲೀಡಿಂಗ್‌ಗೆ 7, ಟ್ರೇಲಿಂಗ್‌ಗೆ 9 ತಾನೇ?

ಮೆಲ್ಬರ್ನ್_ಮಲೆನಾಡಿಗ | ರಾತ್ರಿ 10:52

ಎರಡಕ್ಕೂ ನಂಬರ್ ಬೇರೆ ಬೇರೆಯೇ?

ಡ್ವೆಲ್_ಮೇಷ್ಟ್ರು | ರಾತ್ರಿ 11:04

ಅದಿರಲಿ, ಲೀಡಿಂಗ್ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆದು ನೋಡಿದಿರಾ?