7 ವಾರದ ಬಸಿರಲ್ಲಿ ಬ್ಲೀಡಿಂಗ್, ಸ್ಕ್ಯಾನಿಂಗಲ್ಲಿ ಕಾರಣ ಕಾಣ್ತಿಲ್ಲ: ಮನೇಲಿ ಏನು ಗಮನಿಸಬೇಕು?

ಹುಣಸೆತೋಪು (ಪಾವಗಡ):
ನಾದಿನಿಗೆ 7 ವಾರ, ಚೊಚ್ಚಲು. 4 ದಿನ ಡಿಕಾಕ್ಷನ್ ಬಣ್ಣದ ಸ್ಪಾಟಿಂಗ್, ನಿನ್ನೆಯಿಂದ ಕೆಂಪು. ದಿನಕ್ಕೆ 2 ಪ್ಯಾಡ್, ಪೂರ್ತಿ ನೆನೆಯಲ್ಲ. ನೋವು ಮುಟ್ಟಿನ ಮೊದಲ ದಿನದಷ್ಟೂ ಇಲ್ಲ. ಸ್ಕ್ಯಾನಲ್ಲಿ ಚೀಲ ಗರ್ಭಕೋಶದ ಒಳಗೇ ಇದೆ, ಮಗು 10 ಮಿ.ಮೀ., ಹೃದಯಬಡಿತ 132. ಬ್ಲೀಡಿಂಗ್ ಯಾಕೆ ಅಂತ ಬರೆದಿಲ್ಲ. ರಕ್ತದ ಗುಂಪು ಬಿ ನೆಗೆಟಿವ್. ಮಲಗಿಕೊಂಡೇ ಇರಬೇಕಾ? ಬಸಿರು ನಿಲ್ಲೋಕೆ ಕೊಡೋ ಪ್ರೊಜೆಸ್ಟರಾನ್ ಹಾರ್ಮೋನ್ ಔಷಧ ಬರೆಸ್ಕೋಬೇಕಾ? ತುಮಕೂರು ಇಲ್ಲಿಂದ ಸುಮಾರು 100 ಕಿ.ಮೀ., ಯಾವ ಹಂತದಲ್ಲಿ ಹೊರಡಬೇಕು?

ಸ್ಕ್ಯಾನ್‌ರೂಮ್:
ರಿಪೋರ್ಟ್ ಚೆನ್ನಾಗಿದೆ. 10 ಮಿ.ಮೀ. ಅಂದ್ರೆ ಸರಿಯಾಗಿ 7 ವಾರದ ಅಳತೆ, ತಾರೀಖಿಗೂ ತಾಳೆ ಆಗ್ತಿದೆ. ಹೃದಯಬಡಿತ ಕಂಡ ಮೇಲೆ ಬಹುಪಾಲು ಬಸಿರು ಮುಂದುವರಿಯುತ್ತೆ. ಚೀಲ ಒಳಗೇ ಕಂಡಿದ್ದರಿಂದ ಟ್ಯೂಬಿನಲ್ಲಿ ಬಸಿರು ನಿಂತಿರೋ ಭಯವೂ ಹೆಚ್ಚುಕಮ್ಮಿ ಹೋಯ್ತು. ಐವಿಎಫ್ ಮಾಡಿಸ್ಕೊಂಡೋರಲ್ಲಿ ಮಾತ್ರ ಒಳಗೊಂದು, ಹೊರಗೊಂದು ನಿಲ್ಲೋ ಸಾಧ್ಯತೆ ಸ್ವಲ್ಪ ಜಾಸ್ತಿ.

"ಕಾರಣ ಬರೆದಿಲ್ಲ" ಅಂದ್ರೆ ಸರಿಯಾಗಿ ನೋಡಿಲ್ಲ ಅಂತಲ್ಲ. ಚೀಲದ ಅಂಚಲ್ಲಿ ಒಂದಿಷ್ಟು ರಕ್ತ ಕೂಡಿಕೊಂಡಿದ್ರೆ ಸ್ಕ್ಯಾನಲ್ಲಿ ಕಾಣುತ್ತೆ, ಅದು ಹಳೇ ರಕ್ತವಾಗಿ ವಾರಗಟ್ಟಲೆ ಕಂದು ಬಣ್ಣದಲ್ಲಿ ಹೋಗ್ತಿರುತ್ತೆ. ಗರ್ಭಕೋಶದ ಬಾಯಿ ಹತ್ರದ ಮೆತ್ತನೆ ಚರ್ಮದಿಂದಲೋ, ಅಲ್ಲಿ ಬೆಳೆದ ಪುಟ್ಟ ಗಂಟಿನಿಂದಲೋ (ಪಾಲಿಪ್), ಸೋಂಕಿನಿಂದಲೋ ಬರೋ ರಕ್ತ ಸ್ಕ್ಯಾನಲ್ಲಿ ಸಿಗಲ್ಲ. ಅದಕ್ಕೆ ಡಾಕ್ಟರ್ ಒಳಗೆ ಉಪಕರಣ ಇಟ್ಟು ಕಣ್ಣಲ್ಲೇ ನೋಡಬೇಕು. ಈ ಪರೀಕ್ಷೆ ಆಗಿದೆಯಾ ಕೇಳಿ. ಮೂತ್ರದಲ್ಲೋ ಮೂಲವ್ಯಾಧಿಯಿಂದಲೋ ಬಂದ ರಕ್ತವನ್ನ ಬಸಿರಿಂದು ಅಂದ್ಕೊಳ್ಳೋದೂ ಉಂಟು.

ಎಚ್‌ಸಿಜಿ (ಬಸಿರಿನ ಹಾರ್ಮೋನ್) ರಕ್ತಪರೀಕ್ಷೆಗೆ ಈಗ ದುಡ್ಡು ಹಾಕಬೇಡಿ. ಸ್ಕ್ಯಾನಲ್ಲಿ ಏನೂ ಕಾಣದಿದ್ದಾಗ 48 ಗಂಟೆ ಬಿಟ್ಟು ಎರಡು ಸಲ ಮಾಡಿಸೋ ಪರೀಕ್ಷೆ ಅದು. ಆರಂಭದ ಮಟ್ಟ 1500ಕ್ಕಿಂತ ಕಡಿಮೆ ಇದ್ದು, ಏರಿಕೆ ಶೇ. 49ಕ್ಕಿಂತಲೂ ಕಮ್ಮಿ ಆದ್ರೆ ಅನುಮಾನ. ಬಡಿತ ಕಂಡಮೇಲೆ ಆ ಲೆಕ್ಕ ಬೇಡ. ಬ್ಲೀಡಿಂಗ್ ನಿಲ್ಲದಿದ್ರೆ 7ರಿಂದ 10 ದಿನಕ್ಕೆ ಮತ್ತೊಂದು ಸ್ಕ್ಯಾನ್. ಹೋಗುವಾಗ ಡಾಕ್ಟರ ಚೀಟಿ, ಆಧಾರ್ ಇರಲಿ. ಬಸಿರಿನ ಪ್ರತಿ ಸ್ಕ್ಯಾನಿಗೂ ಕಾನೂನು ಪ್ರಕಾರ ಇರೋ ಫಾರಂ ಎಫ್ ಅನ್ನ ಸೆಂಟರ್‌ನೋರು ತುಂಬಲೇಬೇಕು.

ನೈಟ್‌ಶಿಫ್ಟ್:
ನಾನು ಬಣ್ಣ ನೋಡಲ್ಲ, ಪ್ರಮಾಣ ನೋಡ್ತೀನಿ. ಎಷ್ಟೋ ಮನೇಲಿ ಕೆಂಪು ಕಂಡ ತಕ್ಷಣ ಕಾರು ತಗೊಂಡು ಓಡ್ತಾರೆ, ಗಂಟೆಗೊಂದು ಪ್ಯಾಡ್ ನೆನೀತಿದ್ರೆ "ಬೆಳಗ್ಗೆ ನೋಡೋಣ" ಅಂತಾರೆ. ತಿರುಗಾಮುರುಗಾ.

ಪ್ಯಾಡನ್ನೇ ಬಳಸಿ, ಒಳಗೆ ಏನೂ ಇಡಬೇಡಿ. ಬದಲಾಯಿಸಿದ ಗಂಟೆ, ಎಷ್ಟು ನೆನೆದಿದೆ (ಕಾಲು, ಅರ್ಧ, ಪೂರ್ತಿ), ಗಡ್ಡೆ ಇದ್ರೆ ಗಾತ್ರ, ಇಷ್ಟನ್ನ ಚೀಟಿಯಲ್ಲಿ ಬರೀರಿ. ಬಟ್ಟೆ ಬಳಸೋರಾದ್ರೆ ಬಿಳಿ ಹತ್ತಿ ಬಟ್ಟೆ, ಪ್ರತಿ ಸಲ ಒಂದೇ ಅಳತೆಗೆ ಮಡಚಿದ್ದು. ಇಲ್ಲದಿದ್ರೆ ಲೆಕ್ಕ ಸಿಗಲ್ಲ.

ಕಾಯದೆ ಹೊರಡಬೇಕಾದ್ದು: ಎರಡು ಗಂಟೆ ಸತತ, ಗಂಟೆಗೊಂದು ಅಥವಾ ಅದಕ್ಕಿಂತ ಹೆಚ್ಚು ಪ್ಯಾಡ್ ಪೂರ್ತಿ ನೆನೆದ್ರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ, ತಲೆಸುತ್ತಿ ಬೀಳೋದು, ಭುಜದ ತುದೀಲಿ ನೋವು, ಒಂದೇ ಪಕ್ಕ ತಡೆಯಲಾರದ ನೋವು, ಜ್ವರ ಅಥವಾ ವಾಸನೆ ಸ್ರಾವ. ಇದರಲ್ಲಿ ಒಂದಿದ್ರೂ ಸಾಕು, 108ಕ್ಕೆ ಫೋನ್ ಮಾಡಿ. ಬೈಕಲ್ಲಿ ಬೇಡ, ದಾರೀಲಿ ಪ್ರಜ್ಞೆ ತಪ್ಪಿದ್ರೆ ಹಿಡ್ಕೊಳ್ಳೋರಿಲ್ಲ. ಆಪರೇಷನ್ ಬೇಕಾಗಬಹುದು, ಊಟ ಕೊಟ್ಟು ಕಳಿಸಬೇಡಿ. ರಕ್ತ ಮತ್ತು ಥಿಯೇಟರ್ ಇರೋ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿಟ್ಕೊಳ್ಳಿ. ಪಾವಗಡದಿಂದ ತುಮಕೂರಿಗಿಂತ ಹಿಂದೂಪುರ ಹತ್ತಿರ, ಗಡಿ ದಾಟ್ತೀವಿ ಅಂತ ಹಿಂಜರಿಯಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ನಡೆಯೋ ಬಸುರಿಯರ ತಪಾಸಣೆಗೂ ಕಾಯಬೇಡಿ, ಅದು 4 ತಿಂಗಳ ಮೇಲಿನವರಿಗೆ.

ನೋವಿಗೆ ಪ್ಯಾರಸಿಟಮಾಲ್ 500 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ.

ಎರಡನೇಅಭಿಪ್ರಾಯ:
ಬೆಡ್ ರೆಸ್ಟ್ ಬಗ್ಗೆ ನೇರವಾಗಿ ಹೇಳಿಬಿಡ್ತೀನಿ. ಹಾಸಿಗೆ ಮೇಲೆ ಮಲಗಿದ್ರೆ ಗರ್ಭ ಉಳಿಯುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಹೊತ್ತುಗಟ್ಟಲೆ ಮಲಗಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಬೇರೆ. ಮನೆಯಲ್ಲಿ ಓಡಾಡಲಿ. ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ಹೊರೋದು ಮಾತ್ರ ಬೇರೆಯವರಿಗೆ ಬಿಡಿ. ಅದರಿಂದ ಬಸಿರು ಹೋಗುತ್ತೆ ಅಂತಲ್ಲ, ಸುಸ್ತಾಗಿರ್ತಾಳೆ ಅಂತ. ರಕ್ತ ನಿಲ್ಲೋವರೆಗೆ ಗಂಡ ಹೆಂಡತಿ ಕೂಡದಿದ್ರೆ ಮೇಲು.

ಪ್ರೊಜೆಸ್ಟರಾನ್: ಬ್ರಿಟನ್ನಿನಲ್ಲಿ 4153 ಹೆಂಗಸರ ಮೇಲೆ ನಡೆದ ಪ್ರಿಸಂ ಅಧ್ಯಯನ 2019ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ (ಮಗು ಉಳಿದದ್ದು ಔಷಧ ಪಡೆದವರಲ್ಲಿ ಶೇ. 75, ಇಲ್ಲದವರಲ್ಲಿ ಶೇ. 72). ಹಿಂದೆ 3 ಅಥವಾ ಹೆಚ್ಚು ಸಲ ಗರ್ಭಪಾತ ಆದವರಲ್ಲಿ ಮಾತ್ರ ಮಗು ಉಳಿದದ್ದು ಶೇ. 72, ಔಷಧ ಇಲ್ಲದವರಲ್ಲಿ ಶೇ. 57. ಆಮೇಲೆ ಅಲ್ಲಿನ ಮಾರ್ಗಸೂಚಿ, ಒಮ್ಮೆಯಾದ್ರೂ ಗರ್ಭಪಾತವಾಗಿದ್ದು ಈಗ ಬ್ಲೀಡಿಂಗ್ ಇರೋರಿಗೆ 400 ಮಿ.ಗ್ರಾಂ. ದಿನಕ್ಕೆರಡು ಸಲ ಯೋನಿಯೊಳಗೆ ಇಡೋಕೆ ಹೇಳಿತು. ನಿಮ್ಮ ನಾದಿನಿದು ಚೊಚ್ಚಲು, ಹಾಗಾಗಿ ಹಠ ಮಾಡಿ ಬರೆಸ್ಕೊಳ್ಳೋ ಅಗತ್ಯ ಕಾಣ್ತಿಲ್ಲ. ಡಾಕ್ಟರ್ ಬರೆದಿದ್ರೆ ನಿಲ್ಲಿಸಲೂ ಬೇಡಿ. ಇಟ್ಟ ಮೇಲೆ ಬಿಳಿ ಗಸಿ ಬರೋದು ಔಷಧದ್ದೇ, ಸೋಂಕು ಅಲ್ಲ. ಬಾಯಲ್ಲಿ ತಗೊಂಡ್ರೆ ಮಂಪರು ಬರುತ್ತೆ, ರಾತ್ರಿ ತಗೊಳ್ಳಲಿ.

ಹುಣಸೆತೋಪು:
ಬಿ ನೆಗೆಟಿವ್ ವಿಷಯ ಯಾರೂ ಹೇಳಲಿಲ್ಲ. ಗಂಡಂದು ಒ ಪಾಸಿಟಿವ್. ಅತ್ತೆ ಬೇರೆ "ಸ್ಕೂಟರಲ್ಲಿ ಕೂತಿದ್ದಕ್ಕೇ ಆಯ್ತು" ಅಂತಿದ್ದಾರೆ.

ನೈಟ್‌ಶಿಫ್ಟ್:
ಅಲ್ಲೇ ಬರ್ತಿದ್ದೆ. ಗಂಡ ಪಾಸಿಟಿವ್ ಆದ್ದರಿಂದ ಮಗುವೂ ಪಾಸಿಟಿವ್ ಇರಬಹುದು, ಅದರ ರಕ್ತದ ವಿರುದ್ಧ ತಾಯಿಯ ದೇಹದಲ್ಲಿ ಪ್ರತಿಕಾಯ ಹುಟ್ಟದಂತೆ ತಡೆಯೋ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಕೇಳಲೇಬೇಕು. 12 ವಾರದೊಳಗಿನ ಬ್ಲೀಡಿಂಗಿಗೆ ಬೇಕೋ ಬೇಡವೋ ಅನ್ನೋದರಲ್ಲಿ ಮಾರ್ಗಸೂಚಿಗಳು ಒಂದಕ್ಕೊಂದು ಹೊಂದಲ್ಲ, ನಮ್ಮ ಕಡೆ ಡಾಕ್ಟರ್‌ಗಳು ಕೊಡೋದೂ ಇದೆ, ಬಿಡೋದೂ ಇದೆ. ಕೊಡೋದಾದ್ರೆ 72 ಗಂಟೆಯೊಳಗೆ, ಅದಕ್ಕೇ ಇವತ್ತೇ ಕೇಳಿ. ಅದಕ್ಕೂ ಮೊದಲು ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆಗೆ (ಆ ಪ್ರತಿಕಾಯ ಈಗಾಗಲೇ ಇದೆಯಾ ಅಂತ ನೋಡೋದು) ರಕ್ತ ತೆಗೆಸಿ. ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಮೆಡಿಕಲ್ ಶಾಪಿಂದ ಬ್ಯಾಗಲ್ಲಿ ಹಾಕ್ಕೊಂಡು ಬಿಸಿಲಲ್ಲಿ ಬಸ್ ಹತ್ತಬೇಡಿ, ಐಸ್‌ಪ್ಯಾಕ್ ಕೇಳಿ. ಪ್ಯಾಕನ್ನ ಬಾಟಲಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದ್ರೂ ಕೆಡುತ್ತೆ. ತಾಯಿ ಕಾರ್ಡಲ್ಲಿ ರಕ್ತದ ಗುಂಪು, ಹಾಕಿಸಿದ ತಾರೀಖು ಬರೆಸಿ.

ಸ್ಕೂಟರಿಂದ ಹೋಗಲ್ಲ, ಪರಂಗಿ ಹಣ್ಣಿನ ಒಂದು ಹೋಳಿಂದಲೂ ಹೋಗಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗೋ ಬಸಿರುಗಳಲ್ಲಿ ಸುಮಾರು ಅರ್ಧ ಕ್ರೋಮೋಸೋಮ್ ದೋಷದಿಂದ. ಅದನ್ನ ಅತ್ತೆಯವರಿಗೆ ನೀವು ಹೇಳೋದಕ್ಕಿಂತ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಕೇಳಿಸಿ. ಆ ಹುಡುಗಿ ಮುಂದೆ ಮಾತ್ರ ಇನ್ನೊಂದು ಸಲ ಆ ಮಾತು ಬೇಡ.