ಸಹಾಯ ಬೇಕು: ಮನೆ ವಿಳಾಸ ಹಾಕದೆ ವೆಬ್‌ಸೈಟ್ ನಡೆಸೋಕೆ ದಾರಿ ಇದೆಯಾ?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ರ ನಮ್ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಸ್ವಂತ ವೆಬ್‌ಸೈಟಿನಲ್ಲಿ ಮಾರ್ತೇನೆ. ಸದ್ಯಕ್ಕೆ ಪ್ರೊಪ್ರೈಟರ್‌ಶಿಪ್, ಅಂದ್ರೆ ನಾನೊಬ್ಬಳೇ ಮಾಲೀಕಳಾಗಿ ನನ್ನ ಹೆಸರಲ್ಲೇ ನಡೆಸೋ ವ್ಯಾಪಾರ. ಎಲ್ಲಾ ಕಡೆ ನನ್ನ ಹೆಸರು, ಮನೆ ವಿಳಾಸ, ನನ್ನದೇ ಮೊಬೈಲ್ ನಂಬರ್.

ಹೋದ ತಿಂಗಳು ಒಂದು ಪಾರ್ಸೆಲ್‌ನಲ್ಲಿ ಬಾಟಲಿ ಒಡೆದು ರಸವೆಲ್ಲಾ ಸೋರಿತ್ತು. ದುಡ್ಡು ವಾಪಸ್ ಕೊಡ್ತೇನೆ ಅಂದ್ಮೇಲೂ ಆ ಗಿರಾಕಿ ರಾತ್ರಿ 11 ಗಂಟೆಗೆ ನಮ್ಮನೆ ಗೇಟಿನ ಫೋಟೊ ತೆಗೆದು ವಾಟ್ಸಾಪ್ ಮಾಡಿದ್ರು. ಅವತ್ತಿಂದ ಅತ್ತೆ ಹಗಲಲ್ಲೂ ಚಿಲಕ ಹಾಕ್ಕೊಂಡೇ ಇರ್ತಾರೆ.

ಕಂಪನಿ ಮಾಡಿದ್ರೆ ವಿಳಾಸ ಮರೆಯಾಗುತ್ತೆ ಅಂತ ಪರಿಚಯದವರು ಹೇಳಿದ್ರು. ಓದಿ ನೋಡಿದ್ರೆ ಉಲ್ಟಾ! 2014ರ ಕಂಪನಿ ನಿಯಮಗಳ ಪ್ರಕಾರ ವೆಬ್‌ಸೈಟಿನ ಮುಖಪುಟದಲ್ಲೇ ನೋಂದಾಯಿತ ಕಚೇರಿ ವಿಳಾಸ, ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ), ಫೋನ್, ಇಮೇಲ್, ಸಂಪರ್ಕಿಸಬೇಕಾದವರ ಹೆಸರು ಇರಬೇಕಂತೆ. ಡಾಟ್ ಇನ್ ಡೊಮೇನಿಗೆ ಮಾಲೀಕರ ವಿವರ ಮರೆಮಾಡೋ ಪ್ರೈವಸಿ ಸೇವೆಯೂ ಸಿಗಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆ ನೆನಪಾಗಿ ಖುಷಿಪಟ್ಟಿದ್ದೆ. ಆದ್ರೆ ಕಾನೂನಿನಂತೆ ಬಹಿರಂಗ ಮಾಡಲೇಬೇಕಾದ ಮಾಹಿತಿಗೆ ಅದು ಅನ್ವಯಿಸಲ್ಲ.

ಅಂದ್ರೆ ಮುಚ್ಚಿಡೋದಲ್ಲ, ಬೇರೆ ವಿಳಾಸ ಕೊಡೋದೇ ದಾರಿ ಅನ್ಸುತ್ತೆ. ಹುಬ್ಬಳ್ಳಿಯಲ್ಲಿ ವರ್ಚುವಲ್ ಆಫೀಸ್ (ವಿಳಾಸಕ್ಕಷ್ಟೇ ಬಾಡಿಗೆಗೆ ಸಿಗೋ ಕಚೇರಿ) ತಗೊಂಡು ಅದನ್ನೇ ನೋಂದಾಯಿತ ಕಚೇರಿ ಮಾಡಿದವರು ಯಾರಾದ್ರೂ ಇದ್ದೀರಾ? ಆಹಾರ ಪರವಾನಗಿ ಅಡುಗೆಮನೆ ವಿಳಾಸದಲ್ಲೇ ಇದ್ರೆ ತೊಂದರೆಯಾಗುತ್ತಾ? ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಇಬ್ಬರು ಬೇಕು, ನಮ್ಮನೆಯವರು ಸಹಿ ಅಂದ್ರೆ ಮಾರು ದೂರ. ಹಾಗಾಗಿ ಒಬ್ಬರ ಕಂಪನಿ, ಅಂದ್ರೆ ಓಪಿಸಿ, ಯೋಚನೆಯಲ್ಲಿದೆ. ವರ್ಷಕ್ಕೆ ಆಡಿಟರ್ ಖರ್ಚು ಎಷ್ಟು ಬೀಳುತ್ತೆ? ಅನುಭವ ಇದ್ದವರು ದಯವಿಟ್ಟು ತಿಳಿಸಿ.